ಭಾವನ ಐದನೇ ಕಟ್ಟು

ನಮ್ಮ ಭಾವನ ಹೆಬ್ಬೆರಳಿಗೆ ಕಣ್ಣಿದೆ ಎಂದು ಪ್ರೆಸ್ಸಿನವರು ಹೇಳುತ್ತಾರೆ. ಸುಳ್ಳಲ್ಲ. ಎರಡು ಹಾಳೆ ಕೈಗೆ ಕೊಟ್ಟರೆ, ಎತ್ತಲೋ ನೋಡಿಕೊಂಡೇ, ಯಾವುದು ಕೂದಲೆಳೆಯಷ್ಟು ದಪ್ಪ ಎಂದು ಹೇಳಿಬಿಡುತ್ತಾರೆ. ಇಪ್ಪತ್ತಾರು ವರ್ಷದಿಂದ ಒಂದೇ ಪ್ರೆಸ್ಸು, ಒಂದೇ ಕಟಿಂಗ್ ಮಷಿನ್ನು. ಹಾಳೆಯ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡುವುದು, ಮಷಿನ್ನಿನೊಳಗೆ ತಳ್ಳುವುದು, ಬ್ಲೇಡು ಇಳಿಸುವುದು. ಇಷ್ಟು ವರ್ಷವಾದರೂ ಹತ್ತು ಬೆರಳೂ ಅವರ ಹತ್ತಿರವೇ ಇವೆ. ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ನಾನು ಅವರ ನಾದಿನಿ, ಹೆಂಡತಿಯ ತಂಗಿ. ಅವರ ಮನೆಯ ಮೇಲ್ಗಡೆ ನಾನೂ ನಮ್ಮವರೂ ಇದ್ದೇವೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ನಮ್ಮವರು ಬಸ್ ಡ್ರೈವರು. ಭಾವ ನನ್ನನ್ನು ಕರೆಯುವುದು ಮೆಣಸಿನಕಾಯಿ ಎಂದು. ಯಾಕೆಂದು ನಾನು ಹೇಳಬೇಕಾಗಿಲ್ಲ, ಓದುತ್ತಾ ಹೋದರೆ ನಿಮ್ಮ ಕಣ್ಣಿಗೇ ನೀರು ಬರುತ್ತದೆ.

ಆಟ ಹುಟ್ಟಿದ್ದು ಒಬ್ಬ ಹಲ್ಲಿನ ಡಾಕ್ಟರಿಂದ. ಅವರು ಸಾವಿರ ವಿಸಿಟಿಂಗ್ ಕಾರ್ಡು ಮಾಡಿಸಿದ್ದರು. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಬಿತ್ತು. ಹಲ್ಲು ನೋವೆಂದು ಆ ನಂಬರಿಗೆ ಫೋನ್ ಮಾಡಿದವರಿಗೆ ಯಾರೋ ಕೋಳಿ ಅಂಗಡಿಯವರು, ‘ಎಷ್ಟು ಕೇಜಿ ಬೇಕು?’ ಅಂದರಂತೆ. ಮಾಲೀಕರು ಎಲ್ಲಾ ಎಸೀರಿ ಅಂದರು. ಹಾಳೆ ಎಸೆಯುವುದೆಂದರೆ ಭಾವನಿಗೆ ಅನ್ನ ಎಸೆದ ಹಾಗೆ. ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದರು. ಹಿಂಬದಿ ಖಾಲಿ ಇತ್ತಲ್ಲ, ಒಂದೊಂದರ ಮೇಲೆ ಒಂದೊಂದು ಪ್ರಶ್ನೆ ಬರೆದರು. ಎರಡು ವಾರದಲ್ಲಿ ಇನ್ನೂರು ಪ್ರಶ್ನೆ ಆಯಿತು. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಹಲ್ಲಿನಾಟ ಎಂದೇ ಹೆಸರು ಬಿತ್ತು.

ಊಟದ ಮೇಜಿಗೆ ಆರು ಕುರ್ಚಿ. ಭಾನುವಾರ ಊಟ ಮುಗಿದ ಮೇಲೆ ಮೇಜು ಒರೆಸಿ, ನಡುವೆ ಒಂದು ಬೆಂಕಿಪೊಟ್ಟಣ ಸುರಿದು ಆಟ ಶುರು. ಭಾವ, ಅವರ ಮಗಳು ಗಿಣಿ, ನಾನು, ನಮ್ಮವರು. ಆಮೇಲೆ ಭಾವನ ಅಣ್ಣ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾವೆಲ್ಲ, ಒಡಹುಟ್ಟಿದ ಭಾವನೂ ಸೇರಿ, ಅವರನ್ನು ಮೇಷ್ಟ್ರೇ ಎನ್ನುತ್ತೇವೆ. ಗಿಣಿಗೆ ಹದಿಮೂರು ವರ್ಷ. ಹಗಲೆಲ್ಲ ಮಾತಾಡುತ್ತಾಳೆ, ಹಾಗಾಗಿ ಗಿಣಿ. ಆರನೇ ಕುರ್ಚಿ ನಮ್ಮಕ್ಕನದು.

ಮೊದಲನೇ ಕಟ್ಟಿನ ನಿಯಮ ಬಹಳ ಸರಳ. ಪ್ರಶ್ನೆ ಓದುವುದು, ಮೊದಲು ಸರಿ ಉತ್ತರ ಹೇಳಿದವರಿಗೆ ಒಂದು ಬೆಂಕಿಕಡ್ಡಿ. ಅರ್ಧ ಗಂಟೆಯಲ್ಲಿ ಮೇಷ್ಟ್ರ ಮುಂದೆ ನಲವತ್ತೊಂದು ಕಡ್ಡಿ, ಗಿಣಿಯ ಮುಂದೆ ಆರು, ನನ್ನ ಮುಂದೆ ನಾಲ್ಕು. ನಮ್ಮವರ ಮುಂದೆ ಒಂದು, ಅದೂ ಮೇಷ್ಟ್ರ ರಾಶಿಯಿಂದ ಉರುಳಿ ಬಂದದ್ದು. ಮೇಷ್ಟ್ರು ಗೆದ್ದರೆ ಗೆಲ್ಲಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ಪದದ ಉತ್ತರಕ್ಕೆ ಹತ್ತು ನಿಮಿಷದ ಪಾಠ ಯಾರು ಕೇಳುತ್ತಾರೆ? ನಮ್ಮವರು ಕುಳಿತಲ್ಲೇ ಗೊರಕೆ ಹೊಡೆದರು.

ಅಕ್ಕ ಮಾತ್ರ ಕಾರ್ಡಿನ ಡಬ್ಬಿ ಮೇಜಿಗೆ ಬಂದ ಕೂಡಲೇ, "ಅಯ್ಯೋ, ಒಲೆ ಮೇಲೆ ಹಾಲಿದೆ" ಎಂದು ಎದ್ದು ಹೋಗಿದ್ದಳು. ಮರುವಾರವೂ ಹಾಲು. ಅದರ ಮರುವಾರವೂ ಹಾಲು. ಇದೇನು ಮನೆಯೋ ಡೈರಿಯೋ ಎಂದುಕೊಂಡು ನಾನು ಅಡುಗೆಮನೆಗೆ ಹೋಗಿ ನೋಡಿದೆ. ಒಲೆ ಆರಿತ್ತು. ಅಕ್ಕ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಲಕೋಟೆಗಳ ರಾಶಿ. ಪ್ರೆಸ್ಸಿನಿಂದ ಬರುವ ಲಕೋಟೆ ಅಂಟಿಸುವ ಕೆಲಸವನ್ನು ಅವಳು ಮದುವೆಗೂ ಮುಂಚಿನಿಂದ, ಇಪ್ಪತ್ತು ವರ್ಷದಿಂದ ಮನೆಯಲ್ಲೇ ಮಾಡುತ್ತಾಳೆ.

"ಹಾಲೆಲ್ಲಿ ಅಕ್ಕ?"

"ಸುಮ್ನಿರೇ. ಅಲ್ಲಿ ಕೂತು ನಾನೇನ್ ಮಾಡ್ಲಿ? ಐದನೇ ಕ್ಲಾಸಿಗೇ ಚೀಲ ಎತ್ತಿಟ್ಟೋಳು. ನನ್ನ ಸರದಿ ಬಂದಾಗ ಎಲ್ರೂ ಮುಖ ಮುಖ ನೋಡ್ತೀರ, ಪಾಪ ಅಂತ. ಅದು ಬೇಡ ನಂಗೆ."

ಅವಳು ಚೀಲ ಎತ್ತಿಟ್ಟಿದ್ದು ಯಾಕೆ ಎಂದು ನನಗೆ ಗೊತ್ತು. ಅಮ್ಮ ಹಾಸಿಗೆ ಹಿಡಿದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹತ್ತು. ನನಗೆ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದವಳು ಅವಳು. ಗೇಟಿನೊಳಗೆ ಹೋದವಳು ನಾನು.  ಅದೆಲ್ಲ ಗೊತ್ತಿದ್ದೂ ಆ ಭಾನುವಾರ, "ಸರಿ, ಹಾಲು ಉಕ್ಕದ ಹಾಗೆ ನೋಡ್ಕೋ" ಎಂದು ನಗಾಡಿ ಬಂದುಬಿಟ್ಟೆ.

ಮಾರನೇ ದಿನ ಭಾವ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು.

"ಮೆಣಸಿನಕಾಯಿ, ನಾನು ಈ ಆಟ ಯಾಕ್ ಮಾಡಿದ್ದು ಗೊತ್ತಾ?"

"ಮೇಷ್ಟ್ರಿಗೆ ಹೊತ್ತು ಹೋಗಲಿ ಅಂತ."

"ಅಲ್ಲ ಕಣೇ. ಮದುವೆಯಾಗಿ ಹದಿನೇಳು ವರ್ಷ ಆಯ್ತು. ಎಲ್ರೂ ಕೂತು ನಗೋ ಹೊತ್ತಲ್ಲಿ ನಿಮ್ಮಕ್ಕ ಒಂದ್ ದಿನಾನೂ ಆ ಮೇಜಿನ ಮುಂದೆ ಕೂತಿಲ್ಲ. ಬಡಿಸ್ತಾಳೆ, ಹೋಗ್ತಾಳೆ. ಆ ಆರನೇ ಕುರ್ಚಿ ನೋಡಿ ನೋಡಿ ನಂಗೆ ಸಾಕಾಗಿದೆ. ಯಾರ್ ಗೆಲ್ತಾರೆ ಅನ್ನೋದು ನಂಗೆ ಬೇಡ. ಅವಳು ಕೂತ್ಕೋಬೇಕು, ಕೂತು ಆಡ್ಬೇಕು. ಅಲ್ಲೀವರ್ಗೂ ನಾನ್ ಬಿಡಲ್ಲ."

ಭಾವ ಅಂಥ ಮಾತು ಆಡುವವರಲ್ಲ. ಆಡಿಬಿಟ್ಟು ತಾವೇ ನಾಚಿಕೊಂಡು ಸೈಕಲ್ ಏರಿ ಹೋದರು. ನಾನು ಮೆಟ್ಟಿಲ ಮೇಲೆ ನಿಂತು, ಈ ಮನುಷ್ಯನಿಗೆ ಇನ್ನು ಮುಂದೆ ಸ್ವಲ್ಪ ಕಡಿಮೆ ಬೈಯಬೇಕು ಎಂದುಕೊಂಡೆ. ಆ ನಿರ್ಧಾರ ಮುಂದಿನ ಭಾನುವಾರದವರೆಗೆ ಬಾಳಿತು.

ಎರಡನೇ ಕಟ್ಟಿನಲ್ಲಿ ಭಾವ ಅದೃಷ್ಟದ ಕಾರ್ಡುಗಳನ್ನು ಸೇರಿಸಿದರು. ‘ನಿಮ್ಮ ಅರ್ಧ ಕಡ್ಡಿಯನ್ನು ಎಡಗಡೆಯವರಿಗೆ ಕೊಡಿ’, ‘ಎಲ್ಲರೂ ಒಂದೊಂದು ಕಡ್ಡಿ ಬಲಗಡೆಯವರಿಗೆ ಕೊಡಿ’, ಇಂಥವು. ಓದದವರಿಗೂ ಗೆಲ್ಲುವ ದಾರಿ ಇರಲಿ ಎಂಬ ಲೆಕ್ಕಾಚಾರ. ಮೇಷ್ಟ್ರ ಎಡಗಡೆ ಕೂತಿದ್ದವರು ನಮ್ಮವರು. ಮೇಷ್ಟ್ರು ಬೆವರು ಸುರಿಸಿ ದುಡಿದದ್ದೆಲ್ಲ ಮೂರು ಸಲ ಅವರ ಮುಂದೆ ಹೋಯಿತು. ನಿದ್ದೆಯಿಂದ ಎದ್ದಾಗ ನಮ್ಮವರು ಗೆದ್ದಿದ್ದರು.

"ಇದು ಜ್ಞಾನದ ಆಟಾನೋ ಲಾಟರೀನೋ?" ಎಂದು ಮೇಷ್ಟ್ರು ಕೂಗಾಡಿದರು.

"ಸೋತೋರು ಹಾಗೇ ಹೇಳೋದು," ಎಂದು ನಮ್ಮವರು ಆಕಳಿಸಿ, ಬಿಸ್ಕತ್ತು ತಿಂದರು.

ಆ ಗದ್ದಲದಲ್ಲಿ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಹೊರಗೆ ಭಾವ ಹೊಸ ಪ್ರಶ್ನೆ ಓದುತ್ತಿದ್ದರು. ಅಕ್ಕ ಲಕೋಟೆಗೆ ಅಂಟು ಸವರುತ್ತಾ, ಬಾಗಿಲ ಸಂದಿಯಿಂದ ಒಮ್ಮೆ ಇಣುಕಿ ಹೇಳಿದಳು: "ಮೇಷ್ಟ್ರಿಗೆ ಇದು ಬರಲ್ಲ ನೋಡು. ಕನ್ನಡಕ ತೆಗೆದು ಒರೆಸ್ತಾ ಇದಾರೆ. ಗಿಣಿಗೆ ಗೊತ್ತು, ಮಂಡಿಯೂರಿ ಕೂತ್ಲು." ಒಂದು ಕ್ಷಣಕ್ಕೆ ಹೊರಗಿನಿಂದ ಗಿಣಿಯ ಕೂಗು ಕೇಳಿಸಿತು, ಸರಿ ಉತ್ತರ. ನಾನು ನಕ್ಕೆ, ನೀರು ಕುಡಿದೆ, ಮರೆತೆ. ನಾನು ಮಾತಿನಲ್ಲಿ ಜೋರು ಎಂದ ಮಾತ್ರಕ್ಕೆ ಬುದ್ಧಿಯಲ್ಲೂ ಜೋರು ಇರಬೇಕೆಂದೇನಿಲ್ಲವಲ್ಲ.

ಮೂರನೇ ಕಟ್ಟಿನ ಜೊತೆ ಮರಳಿನ ಗಡಿಯಾರ ಬಂತು. ನಮ್ಮ ಅಂಗಡಿಯ ಎರಡು ಖಾಲಿ ಔಷಧಿ ಶೀಶೆಗಳನ್ನು ಬಾಯಿಗೆ ಬಾಯಿ ಅಂಟಿಸಿ ಭಾವನೇ ಮಾಡಿದ್ದು. ಮರಳು ಇಳಿಯುವಷ್ಟರಲ್ಲಿ ಉತ್ತರ ಹೇಳಿ ಮುಗಿಸಬೇಕು. ಮೇಷ್ಟ್ರ ಪಾಠಕ್ಕೆ ಕಡಿವಾಣ ಹಾಕುವ ಉಪಾಯ ಅದು. ಆದರೆ ಶೀಶೆಯೊಳಗೆ ಕೆಮ್ಮಿನ ಔಷಧಿಯ ಜಿಗುಟು ಉಳಿದಿತ್ತು. ಅರ್ಧ ಇಳಿದ ಮರಳು ಅಲ್ಲೇ ಕಚ್ಚಿಕೊಂಡಿತು. ಮರಳು ನಿಂತಿದೆ ಎಂದರೆ ಸಮಯವೂ ನಿಂತಿದೆ ಎಂದು ಮೇಷ್ಟ್ರು ವಾದ ಹೂಡಿ ಮುಕ್ಕಾಲು ಗಂಟೆ ಮಾತಾಡಿದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಅಕ್ಕ ಇದೆಲ್ಲ ನಡೆಯುವಾಗ ಅವಳ ಸ್ಟೂಲಿನ ಮೇಲೇ ಇದ್ದಳು.

ಆಮೇಲೆ ಬಂದದ್ದು ನಾಲ್ಕನೇ ಕಟ್ಟು. ಅದರ ಸುದ್ದಿ ಹೇಳಲು ನನಗೆ ಇಷ್ಟವಿಲ್ಲ, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ಭಾವ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು. ಅಕ್ಕನಿಗೆ ಖಂಡಿತ ಗೊತ್ತಿರುವ ಪ್ರಶ್ನೆ ಇಪ್ಪತ್ತಮೂರು ಬರೆದಿದ್ದೇನೆ, ಅವಳ ಸರದಿಗೆ ಅವನ್ನೇ ಕೊಡುತ್ತೇನೆ, ಧೈರ್ಯ ಬರುತ್ತದೆ ಎಂದು. ಹೇಗೆ ಆರಿಸಿ ಕೊಡುತ್ತೀರಿ ಎಂದೆ. ಭಾವ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದರು. ಕಾರ್ಡೆಲ್ಲ ಒಂದೇ ಬಿಳಿ, ಒಂದೇ ಅಳತೆ. ಆದರೆ ಅಕ್ಕನ ಪ್ರಶ್ನೆಗಳನ್ನು ಕೂದಲೆಳೆಯಷ್ಟು ದಪ್ಪದ ಬೇರೆ ಹಾಳೆಯಿಂದ ಕತ್ತರಿಸಿದ್ದರು. ಕಟ್ಟು ಕೈಯಲ್ಲಿದ್ದರೆ ಸಾಕು, ಹೆಬ್ಬೆರಳೇ ಹುಡುಕಿ ತೆಗೆಯುತ್ತದೆ. ಭೇಷ್ ಭಾವ, ಹಾವೂ ಸಾಯುತ್ತೆ ಕೋಲೂ ಮುರಿಯಲ್ಲ ಎಂದು ನಾನೇ ಬೆನ್ನು ತಟ್ಟಿದೆ.

ಗೋಗರೆದು, ಕೈ ಹಿಡಿದು, ಗಿಣಿಯ ಕೈಲಿ ಎಳೆಸಿ, ಅಂತೂ ಆ ಭಾನುವಾರ ಅಕ್ಕನನ್ನು ಆರನೇ ಕುರ್ಚಿಯಲ್ಲಿ ಕೂರಿಸಿದೆವು. ಕುರ್ಚಿಯ ತುದಿಯಲ್ಲಿ ಕೂತಳು. ಬಟ್ಟೆಗೆ ಬಿದ್ದ ಶಾಯಿ ಕಲೆ ಹೇಗೆ ತೆಗೆಯುವುದು? ಹೇಳಿದಳು. ಕಬ್ಬಿಣದ ಬಾಣಲೆಗೆ ತುಕ್ಕು ಹಿಡಿಯದಿರಲು ಏನು ಮಾಡಬೇಕು? ಹೇಳಿದಳು. ಮೂರನೆಯದು, ನಾಲ್ಕನೆಯದು, ಎಲ್ಲ ಸರಿ. ಅವಳ ಮುಖ ಅರಳಿತು, ಬೆನ್ನು ಕುರ್ಚಿಗೆ ಒರಗಿತು. ನಾನು ಅಗತ್ಯಕ್ಕಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಐದನೇ ಕಾರ್ಡನ್ನು ಅಕ್ಕ ತಾನೇ ಕೈಗೆ ತೆಗೆದುಕೊಂಡಳು. ಓದುವ ಮೊದಲು ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿದಳು. ಲಕೋಟೆ ಅಂಟಿಸುವ ಮುಂಚೆ ಅವಳು ಯಾವಾಗಲೂ ಮಾಡುವುದು ಹಾಗೇ. ದಪ್ಪ ಹಾಳೆಗೆ ಒಂದು ಅಂಟು, ತೆಳು ಹಾಳೆಗೆ ಇನ್ನೊಂದು. ಮತ್ತೊಮ್ಮೆ ಉಜ್ಜಿದಳು. ಭಾವನ ಕೈಯಿಂದ ಇಡೀ ಕಟ್ಟನ್ನು ತೆಗೆದುಕೊಂಡು, ಕಣ್ಣನ್ನು ಭಾವನ ಮುಖದ ಮೇಲೇ ಇಟ್ಟು, ಒಂದೊಂದೇ ಕಾರ್ಡನ್ನು ಬೆರಳಿನಿಂದ ನೋಡುತ್ತಾ ಎರಡು ಪಾಲು ಮಾಡಿದಳು. ಎಡಗಡೆ ಒಂದು, ಬಲಗಡೆ ಒಂದು. ಒಂದೂ ತಪ್ಪಲಿಲ್ಲ. ಎಡಗಡೆಯದನ್ನು ಮಗುಚಿ ಹಾಕಿದಳು. ಬಾಣಲೆ, ಸಾಬೂನು, ಸೂಜಿದಾರ, ಕೊಡ.

ಇಪ್ಪತ್ತು ವರ್ಷ ಅದೇ ಪ್ರೆಸ್ಸಿನ ಹಾಳೆ ಮುಟ್ಟಿದ ಕೈ ಅವಳದೂ ಎಂಬುದನ್ನು ನಮ್ಮ ಭಾವ ಮರೆತಿದ್ದರು. ನೋಡಿ, ಊರಿಗೆಲ್ಲ ಗೊತ್ತಾಗದ ಮೋಸವನ್ನು ಮಾಡಿ, ಅದು ಗೊತ್ತಾಗುವ ಒಬ್ಬಳ ಕೈಗೇ ಕೊಟ್ಟರು.

"ಇದು ನನ್ನ ಕಟ್ಟು. ಅದು ನಿಮ್ಮೆಲ್ಲರ ಕಟ್ಟು. ಅಲ್ವಾ?" ಅಕ್ಕ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಭಾವ ಕಾರ್ಡುಗಳಿಗೆ ಕೈ ಚಾಚಿದರು.

"ಒಲೆ ಮೇಲೆ ಹಾಲಿದೆ," ಎಂದು ಅಕ್ಕ ಎದ್ದು ಹೋದಳು. ಕುರ್ಚಿಯನ್ನು ಮೇಜಿನ ಕೆಳಗೆ ನೀಟಾಗಿ ತಳ್ಳಿ ಹೋದಳು.

ಎರಡು ಭಾನುವಾರ ಹಲ್ಲಿನಾಟ ಇಲ್ಲ. ಮನೆಯಲ್ಲಿ ಮಾತೂ ಲೆಕ್ಕಕ್ಕೆ ಮಾತ್ರ. ಮೂರನೇ ವಾರ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಮಾತ್ರೆಗಳ ಡಬ್ಬಿ ಜೋಡಿಸುತ್ತಿದ್ದಾಗ ಭಾವ ಬಂದು ನಿಂತರು, ಕೆಲಸದ ಹೊತ್ತಿನಲ್ಲಿ.

"ತಲೆನೋವಿಗೆ ಏನಾದ್ರೂ ಕೊಡು. ಇವತ್ತು ಇನ್ನೂರು ನೋಟ್‌ಬುಕ್ಕಿನ ರಟ್ಟು ಹಾಳು ಮಾಡ್ದೆ. ಅಂಚಿನ ಜೊತೆ ಅಕ್ಷರಾನೂ ಕತ್ತರಿಸಿಬಿಟ್ಟೆ. ಮಾಲೀಕರು ಬೈಲಿಲ್ಲ. ಮನೆಗೆ ಹೋಗು ಅಂದ್ರು, ಅದೇ ಬೇಜಾರು."

ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆಯನ್ನೂ ಓರೆಯಾಗಿ ಕತ್ತರಿಸದವರು. ನನಗೆ ಅಯ್ಯೋ ಅನ್ನಿಸಿತು, ಹಾಗಾಗಿ ಬೈದೆ. ನನಗೆ ಬರುವುದು ಅದೊಂದೇ ಅಲ್ಲವೇ.

"ನಿಮ್ಗೂ ಬುದ್ಧಿ ಇಲ್ಲ, ನಂಗೂ ಇಲ್ಲ ಭಾವ! ಏನೂ ಗೊತ್ತಿಲ್ದೋಳಿಗೆ ಕೇಳೋ ಹಾಗೆ ಪ್ರಶ್ನೆ ಕೇಳಿದ್ವಲ್ಲ. ಅವಳಿಗೇನ್ ಗೊತ್ತಿಲ್ಲ ಹೇಳಿ? ಅಡುಗೆಮನೇಲಿ ಕೂತ್ಕೊಂಡೇ, ಯಾವ ಪ್ರಶ್ನೆ ಯಾರಿಗೆ ಬರುತ್ತೆ ಯಾರಿಗೆ ಬರಲ್ಲ ಅಂತ ಉತ್ತರಕ್ಕೆ ಮುಂಚೆ ಹೇಳ್ತಾಳೆ. ಮೇಷ್ಟ್ರು ಕನ್ನಡಕ ಒರೆಸಿದ್ರೆ ಗೊತ್ತಿಲ್ಲ ಅಂತಂತೆ. ನಾನೇ ಕಿವಿಯಾರೆ ಕೇಳಿದೀನಿ."

ಭಾವ ನನ್ನನ್ನೇ ನೋಡಿದರು.

"ಏನಂದೆ?"

"ಮೇಷ್ಟ್ರು ಕನ್ನಡಕ—"

"ಅದಲ್ಲ. ಯಾರಿಗೆ ಬರುತ್ತೆ ಅಂತ ಮುಂಚೆ ಹೇಳ್ತಾಳಾ?"

ಭಾವನ ಹೆಬ್ಬೆರಳು ಗಾಜಿನ ಕೌಂಟರಿನ ಮೇಲೆ ಕಟಕಟ ಬಡಿಯಲು ಶುರು ಮಾಡಿತು. ತಲೆನೋವಿನ ಮಾತ್ರೆಯನ್ನು ಕೌಂಟರಿನ ಮೇಲೇ ಬಿಟ್ಟು, ಓಡಿದರು. ಹಿಂದೆ ನಿಂತಿದ್ದ ಗಿರಾಕಿ, "ಅವ್ರಿಗೆ ಹುಷಾರಿಲ್ವಾ?" ಎಂದರು. ಈಗ ಹುಷಾರಾಯ್ತು ಎಂದೆ.

ಐದನೇ ಕಟ್ಟನ್ನು ಭಾವ ಒಬ್ಬರೇ ಮಾಡಲಿಲ್ಲ. ಪ್ರಶ್ನೆ ಬರೆಯುವ ಕೆಲಸವನ್ನು ಎಲ್ಲರಿಗೂ ಹಂಚಿದರು. ಮೇಷ್ಟ್ರಿಗೆ ಇಪ್ಪತ್ತು, ಗಿಣಿಗೆ ಇಪ್ಪತ್ತು, ನನಗೆ, ನಮ್ಮವರಿಗೂ ಕೂಡ. ಬರೆದದ್ದನ್ನು ಯಾರಿಗೂ ತೋರಿಸುವಂತಿಲ್ಲ. ಶನಿವಾರ ಸಂಜೆ ಕಟ್ಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಬೇಕೆಂದೇ ಅಲ್ಲಿಂದ ಕದಲಲಿಲ್ಲ.

"ತಪ್ಪಾಯ್ತು ಕಣೇ," ಎಂದರು ಭಾವ. "ನಿಂಗೆ ಗೊತ್ತಿಲ್ಲ ಅಂತ ಅಂದ್ಕೊಂಡೇ ಆ ಕಾರ್ಡು ಮಾಡ್ದೆ. ಅದೇ ತಪ್ಪು. ಈ ಸಲ ಒಂದೇ ಹಾಳೆ. ನನ್ನ ನಂಬಬೇಡ, ನೀನೇ ಮುಟ್ಟಿ ನೋಡು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕಟ್ಟನ್ನು ತೆಗೆದುಕೊಂಡಳು. ಕಣ್ಣು ಮುಚ್ಚಿಕೊಂಡೇ ನೂರು ಕಾರ್ಡನ್ನೂ ಒಂದೊಂದಾಗಿ ಉಜ್ಜಿ ನೋಡಿದಳು. ಮೂರನ್ನು ತೆಗೆದು ಆಚೆ ಇಟ್ಟಳು. "ಇವು ತೆಳು."

ಭಾವ ಆ ಮೂರನ್ನು ಮುಟ್ಟಿ ನೋಡಿದರು, ಮತ್ತೆ ನೋಡಿದರು. "ಹೌದಲ್ಲ!" ಎಂದರು. ಅವರ ಹೆಬ್ಬೆರಳಿಗೆ ಸಿಗದದ್ದು ಅವಳ ಹೆಬ್ಬೆರಳಿಗೆ ಸಿಕ್ಕಿತ್ತು. ಅಕ್ಕನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ನಿನ್ನ ಹಳೇ ಗುಂಡಿ ಡಬ್ಬಿ ಬೇಕಾಗಿತ್ತು," ಎಂದು ಭಾವ ಆ ನಗುವನ್ನೇ ಹಿಡಿದು ಕೇಳಿದರು. ಹರಿದ ಅಂಗಿಗಳಿಂದ ಕತ್ತರಿಸಿಟ್ಟ ಗುಂಡಿಗಳ ಡಬ್ಬಿ ಅದು. ಅಕ್ಕ ಕೊಟ್ಟಳು.

ಭಾನುವಾರ ಭಾವ ನಿಯಮ ಹೇಳಿದರು. ಒಬ್ಬರು ತಾವು ಬರೆದ ಒಂದು ಪ್ರಶ್ನೆ ಓದುತ್ತಾರೆ. ಯಾರೂ ಬಾಯಿ ಬಿಡಬಾರದು. ಉಳಿದವರು ಒಂದೊಂದು ಗುಂಡಿಯನ್ನು, ಯಾರಿಗೆ ಉತ್ತರ ಗೊತ್ತಿದೆ ಎನ್ನಿಸುತ್ತದೋ ಅವರ ಮುಂದೆ ಇಡಬೇಕು. ತನಗೇ ಗೊತ್ತಿದ್ದರೆ ತನ್ನ ಮುಂದೆಯೇ ಇಟ್ಟುಕೊಳ್ಳಬಹುದು. ಯಾರಿಗೂ ಗೊತ್ತಿಲ್ಲ ಎನ್ನಿಸಿದರೆ ನಡುವೆ ಇರುವ ಸ್ಟೀಲು ಮುಚ್ಚಳಕ್ಕೆ ಹಾಕಬೇಕು. ಗುಂಡಿ ಬಿದ್ದವರು ಮಾತ್ರ ಉತ್ತರ ಹೇಳುವುದು. ಉತ್ತರ ಸರಿಯಾದರೆ ಹೇಳಿದವರಿಗೆ ಒಂದು ಕಡ್ಡಿ, ಅವರನ್ನು ನಂಬಿ ಗುಂಡಿ ಇಟ್ಟವರಿಗೆ ಎರಡು. ಯಾರಿಗೂ ಗೊತ್ತಿಲ್ಲದ್ದು ನಿಜವಾದರೆ ಮುಚ್ಚಳಕ್ಕೆ ಹಾಕಿದವರಿಗೂ ಎರಡು.

"ಅಂದ್ರೆ ಗೊತ್ತಿರೋನಿಗಿಂತ, ಯಾರಿಗೆ ಗೊತ್ತು ಅಂತ ಗೊತ್ತಿರೋನಿಗೆ ಜಾಸ್ತಿ?" ಎಂದು ಮೇಷ್ಟ್ರು ಹುಬ್ಬು ಏರಿಸಿದರು.

"ಹೌದು ಮೇಷ್ಟ್ರೇ."

"ಇದ್ಯಾವ ನ್ಯಾಯ?"

"ಆಡಿ ನೋಡಿ," ಎಂದರು ಭಾವ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವ ಕರೆಯಲಿಲ್ಲ. ಗುಂಡಿಗಳನ್ನು ಆರು ಪಾಲು ಮಾಡಿ, ಆರನೇ ಪಾಲನ್ನು ಆರನೇ ಕುರ್ಚಿಯ ಮುಂದೆ ಇಟ್ಟರು, ಅಷ್ಟೇ.  ಅಕ್ಕ ಬಂದಳು, ಕುರ್ಚಿ ಎಳೆದಳು, ತುದಿಯಲ್ಲಿ ಕೂತಳು.

ಮೊದಲ ಪ್ರಶ್ನೆ ಭಾವ ಓದಿದರು: ಜಿರಾಫೆಯ ಕುತ್ತಿಗೆಯಲ್ಲಿ ಎಷ್ಟು ಮೂಳೆ? ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ಚಾಳಿ. ಅಕ್ಕನದೊಂದು ಬಿಟ್ಟು ಎಲ್ಲರ ಗುಂಡಿಯೂ ಮೇಷ್ಟ್ರ ಮುಂದೆ ಬಿತ್ತು. ಮೇಷ್ಟ್ರೂ ತಮ್ಮ ಗುಂಡಿ ತಮ್ಮ ಮುಂದೆಯೇ ಇಟ್ಟುಕೊಂಡರು. ಅಕ್ಕ ಅವರ ಮುಖ ನೋಡಿ, ತನ್ನ ಗುಂಡಿಯನ್ನು ಟಣ್ಣೆಂದು ಮುಚ್ಚಳಕ್ಕೆ ಹಾಕಿದಳು.

"ಇಪ್ಪತ್ತು... ಇಪ್ಪತ್ತೆರಡು," ಎಂದರು ಮೇಷ್ಟ್ರು.

"ಏಳು. ನಮ್ಗಿರೋಷ್ಟೇ," ಎಂದು ಭಾವ ಕಾರ್ಡು ತಿರುಗಿಸಿದರು. ಎರಡು ಕಡ್ಡಿ ಅಕ್ಕನ ಮುಂದೆ ಬಂದವು.

"ನಂಗೆ ಗೊತ್ತಿಲ್ಲ ಅಂತ ನಿಂಗೆ ಹ್ಯಾಗೆ ಗೊತ್ತಾಯ್ತಮ್ಮ?"

"ಕನ್ನಡಕ ಒರೆಸಿದ್ರಿ ಮೇಷ್ಟ್ರೇ."

ಮೇಷ್ಟ್ರು ಕೈಯಲ್ಲಿದ್ದ ಕನ್ನಡಕವನ್ನೂ ಕರವಸ್ತ್ರವನ್ನೂ ನೋಡಿಕೊಂಡರು. ಆಮೇಲೆ ಮೈ ಕುಲುಕಿಸಿ ನಕ್ಕರು. ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಒಬ್ಬ ಹುಡುಗನೂ ಇದನ್ನು ಕಂಡುಹಿಡಿಯಲಿಲ್ಲ ಎಂದು ಎರಡೆರಡು ಸಲ ಹೇಳಿದರು.

ಎರಡನೆಯದು, ಸೂರ್ಯನ ಬೆಳಕು ಭೂಮಿಗೆ ಬರಲು ಎಷ್ಟು ಹೊತ್ತು ಬೇಕು? ಅಕ್ಕ ತನ್ನ ಗುಂಡಿಯನ್ನು ಗೊರಕೆ ಹೊಡೆಯುತ್ತಿದ್ದ ನಮ್ಮವರ ಮುಂದೆ ಇಟ್ಟಳು. ನಾವೆಲ್ಲ ಹೋ ಎಂದು ನಕ್ಕೆವು. ನಮ್ಮವರು ಒಂದೇ ಕಣ್ಣು ತೆರೆದು, "ಸುಮಾರು ಎಂಟು ನಿಮಿಷ. ನಮ್ಮ ಬಸ್ಸಿಗಿಂತ ಬೇಗ" ಎಂದರು. ಸರಿ ಉತ್ತರ!

"ಅವ್ರಿಗೆ ಗೊತ್ತಿಲ್ದಿದ್ರೆ ಕಣ್ಣು ಬಿಟ್ಕೊಂಡು ಮಿಕಮಿಕ ನೋಡ್ತಾರೆ," ಎಂದಳು ಅಕ್ಕ. "ಗೊತ್ತಿದ್ರೆ ಇನ್ನೂ ಗಟ್ಟಿಯಾಗಿ ಮುಚ್ಕೋತಾರೆ, ಎಲ್ಲಿ ಎಬ್ಬಿಸಿಬಿಡ್ತಾರೋ ಅಂತ."

ಮದುವೆಯಾಗಿ ಹನ್ನೊಂದು ವರ್ಷವಾದ ನನಗೆ ಇದು ಗೊತ್ತಿರಲಿಲ್ಲ. ನನ್ನ ಗುಟ್ಟೂ ಆಮೇಲೆ ರಟ್ಟಾಯಿತು. ಒಂದು ಪ್ರಶ್ನೆಗೆ ನಾನು, "ನಂಗ್ ಗೊತ್ತು, ನಂಗ್ ಗೊತ್ತು" ಎಂದು ಕುಣಿದೆ. ಎಲ್ಲರೂ ನನ್ನ ಮುಂದೆ ಗುಂಡಿ ಇಟ್ಟರು, ಅಕ್ಕ ಮುಚ್ಚಳಕ್ಕೆ ಹಾಕಿದಳು. ನಾನು ಹೇಳಿದ್ದು ತಪ್ಪಾಯಿತು. "ಗೊತ್ತಿಲ್ಲದಾಗಲೇ ಇವಳು ಜಾಸ್ತಿ ಕೂಗೋದು," ಎಂದಳು. ಭಾವ ಮೇಜು ಗುದ್ದಿ ನಕ್ಕರು. ಅವರ ಹೆಂಡತಿಯ ಬೆನ್ನು ಅಷ್ಟು ಹೊತ್ತಿಗೆ ಕುರ್ಚಿಗೆ ಪೂರ್ತಿ ಒರಗಿತ್ತು.

ಆದರೆ ನಾನು ಒಂದನ್ನು ಗಮನಿಸುತ್ತಲೇ ಇದ್ದೆ. ಅಕ್ಕ ಎಲ್ಲರ ಮುಂದೆಯೂ ಗುಂಡಿ ಇಟ್ಟಳು. ತನ್ನ ಮುಂದೆ ಮಾತ್ರ ಒಂದು ಸಲವೂ ಇಟ್ಟುಕೊಳ್ಳಲಿಲ್ಲ. ಭಾವನೂ ಗಮನಿಸುತ್ತಿದ್ದರು. ನಮ್ಮಿಬ್ಬರ ಕಣ್ಣು ಎರಡು ಸಲ ಸೇರಿದವು, ಇಬ್ಬರೂ ಬಾಯಿ ಬಿಡಲಿಲ್ಲ. ಒಮ್ಮೆ ಜಾಣತನ ಮಾಡಿ ಕೈ ಸುಟ್ಟುಕೊಂಡಿದ್ದೆವಲ್ಲ.

ಓದುವ ಸರದಿ ಗಿಣಿಗೆ ಬಂತು. ತನ್ನದೊಂದು ಕಾರ್ಡು ಎತ್ತಿ ಓದಿದಳು: "ಜೇನುನೊಣಕ್ಕೆ ಎಷ್ಟು ಕಣ್ಣು?" ಅವಳೇ ಅವಳ ಪಾಠದ ಪುಸ್ತಕದಿಂದ ಬರೆದದ್ದು.

ನನ್ನ ಗುಂಡಿ ಮೇಷ್ಟ್ರ ಮುಂದೆ ಹೋಯಿತು. ನಮ್ಮವರದೂ, ಭಾವನದೂ. ಮೇಷ್ಟ್ರು ಈ ಸಲ ಕನ್ನಡಕ ಮುಟ್ಟಲಿಲ್ಲ, ಧೈರ್ಯವಾಗಿ ತಮ್ಮ ಗುಂಡಿ ತಮ್ಮ ಮುಂದೆ ಇಟ್ಟುಕೊಂಡರು. ಅಕ್ಕ ಮಾತ್ರ ಗುಂಡಿ ಹಿಡಿದುಕೊಂಡೇ ಇದ್ದಳು. ನೀಲಿ ಬಣ್ಣದ, ನಾಲ್ಕು ತೂತಿನ ದೊಡ್ಡ ಗುಂಡಿ. ಅದನ್ನು ಮೇಜಿನ ಮೇಲೆ ಇಟ್ಟು, ಒಂದು ಬೆರಳಿನಿಂದ ಮೆಲ್ಲಗೆ ತನ್ನ ಕಡೆಗೇ ಎಳೆದುಕೊಂಡಳು.

ಭಾವ ಹಿಡಿದಿದ್ದ ಕಡ್ಡಿಗಳನ್ನು ಕೆಳಗಿಟ್ಟರು.

"ಎರಡು," ಎಂದರು ಮೇಷ್ಟ್ರು. "ಎಲ್ಲಾ ಕೀಟಕ್ಕೂ ಎರಡೇ. ಅದರೊಳಗೆ ಸಾವಿರಾರು ಚಿಕ್ಕ—"

"ಐದು," ಎಂದಳು ಅಕ್ಕ. "ಎರಡು ದೊಡ್ಡವು ಪಕ್ಕ ಪಕ್ಕ. ಮೂರು ಚಿಕ್ಕವು ನೆತ್ತಿ ಮೇಲೆ."

ಗಿಣಿ ಕಾರ್ಡು ತಿರುಗಿಸಿ ನೋಡಿ, ಅಮ್ಮನ ಮುಖ ನೋಡಿ, ಕಿರುಚಿದಳು. "ಐದು! ಐದೇ! ಅಮ್ಮಾ, ನಿಂಗ್ ಹೆಂಗೊತ್ತು?"

"ನಿಮ್ಮ ಚಿಕ್ಕಮ್ಮ ಓದ್ತಿದ್ಲಲ್ಲ," ಎಂದು ಅಕ್ಕ ನನ್ನ ಕಡೆ ತಲೆ ಆಡಿಸಿದಳು. "ಎಂಟನೇ ಕ್ಲಾಸಲ್ಲಿ. ನಾನು ಪಾತ್ರೆ ತೊಳೀತಿದ್ದೆ, ಇವಳು ಹಿಂದೆ ಕೂತು ಮನೆ ಹಾರೋ ಹಾಗೆ ಗಟ್ಟಿಯಾಗಿ ಓದೋಳು. ಆ ವರ್ಷದ್ದೆಲ್ಲ ನಂಗೆ ಬಾಯಿಗೇ ಬರುತ್ತೆ. ಒಂಬತ್ತನೇದೂ."

ನಾನು ಮರೆತಿದ್ದೆ. ಪರೀಕ್ಷೆ ಬರೆದ ಮಾರನೇ ದಿನವೇ ಮರೆತಿದ್ದೆ. ಅವಳು ಇಪ್ಪತ್ತೈದು ವರ್ಷದಿಂದ ಅದನ್ನು ಇಟ್ಟುಕೊಂಡಿದ್ದಳು, ಒಬ್ಬರೂ ಕೇಳಿರಲಿಲ್ಲ. ನಾನು ಎಲ್ಲರ ಮುಂದೆ ಅತ್ತುಬಿಟ್ಟೆ. ಮೆಣಸಿನಕಾಯಿಗೂ ಕಣ್ಣೀರು ಬರುತ್ತಾ ಎಂದು ನಮ್ಮವರು ಕೇಳಿದರು, ಅವರ ತೊಡೆಗೆ ಚಿವುಟಿದೆ. ಭಾವ ಮೂರು ಕಡ್ಡಿಯನ್ನು ಎಣಿಸಿ ಅಕ್ಕನ ಮುಂದೆ ಇಟ್ಟರು, ಅಂಚು ಸಮ ಮಾಡಿದರು, ಮತ್ತೊಮ್ಮೆ ಸಮ ಮಾಡಿದರು.

ಆಗ ಮೇಷ್ಟ್ರು ಗಡಿಯಾರ ನೋಡಿ, ಟೀ ಹೊತ್ತಾಯಿತಲ್ಲ ಎಂದರು. ಹದಿನೇಳು ವರ್ಷದ ಅಭ್ಯಾಸ. ಎಲ್ಲರ ಕಣ್ಣೂ ಅಕ್ಕನ ಕಡೆ ಹೋಯಿತು. ಅಕ್ಕ ಏಳಲಿಲ್ಲ.

"ನನ್ನ ಆಟ ಮುಗಿದಿಲ್ಲ," ಎಂದಳು. "ಇಲ್ಲಿ ನನ್ನ ಬಿಟ್ಟು ಟೀ ಮಾಡೋಕೆ ಯಾರಿಗೆ ಗೊತ್ತು? ಗುಂಡಿ ಇಡಿ."

ನಾವು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅವಳ ಗುಂಡಿ ಮುಚ್ಚಳದಲ್ಲಿ ಟಣ್ಣೆಂದಿತು.

ನನಗೆ ರೋಷ ಬಂತು. ಕಣ್ಣು ಒರೆಸಿಕೊಂಡು, ನಾನು ಮಾಡುತ್ತೇನೆ ಎಂದು ಎದ್ದು ಹೋದೆ. ಒಲೆ ಹಚ್ಚಿ, ಹಾಲಿಟ್ಟು, ಗೋಡೆಗೆ ಒರಗಿ ಅವಳ ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಎಲ್ಲವೂ ಕೇಳುತ್ತದೆ. ಮೇಷ್ಟ್ರ ನಗು, ಗುಂಡಿಗಳ ಸದ್ದು, ಭಾವ ಕಾರ್ಡು ಕುಟ್ಟಿ ಸಮ ಮಾಡುವುದು. ಎಲ್ಲ ಕೇಳುತ್ತದೆ, ಆದರೆ ಯಾರೂ ಕಾಣುವುದಿಲ್ಲ. ಇಷ್ಟು ವರ್ಷ ಅವಳು ಕೂತ ಜಾಗ ಇದು.

ಹೊರಗೆ ಗಿಣಿ ಓದಿದಳು: "ಆಕ್ಟೋಪಸ್ಸಿಗೆ ಎಷ್ಟು ಹೃದಯ?"

"ನಂಗ್ ಗೊತ್ತು!" ಎಂದು ನಾನು ಒಳಗಿನಿಂದಲೇ ಕೂಗಿದೆ. "ನನ್ನ ಕುರ್ಚಿ ಮುಂದೆ ಇಡಿ ಗುಂಡೀನ!"

"ಗೊತ್ತಿಲ್ಲ ಅವಳಿಗೆ, ಇಡ್ಬೇಡಿ," ಎಂಬ ಅಕ್ಕನ ದನಿ ಬಂತು. "ಏಯ್, ಒಲೆ ಮೇಲೆ ಹಾಲಿದೆ, ನೋಡ್ಕೊಳೇ!"

ತಿರುಗಿ ನೋಡುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು.